ಬಿಷಪ್ ಮಾವನ ಐದು ಗಂಟೆ ಪೂಜೆ

ನಮ್ಮ ಸೋದರಮಾವ ಬದುಕಿನಲ್ಲಿ ಎಲ್ಲದರಲ್ಲೂ ಗೆದ್ದು, ಒಂದೇ ಒಂದು ಕೆಲಸದಲ್ಲಿ ಸಂಪೂರ್ಣ ಸೋತವರು: ಬಿಷಪ್ಪರಂತೆ ಕಾಣುವುದರಲ್ಲಿ! ನಿಲುವಂಗಿ ಇತ್ತು, ಉಂಗುರ ಇತ್ತು, ಎತ್ತರದ ಕಿರೀಟ ಇತ್ತು, ಕೈಗೊಂದು ದಂಡವೂ ಇತ್ತು. ಏನಿದ್ದರೇನು? ಬಿಷಪ್ಪರ ಮನೆಗೆ ಬಂದ ಹೊಸಬರು ಇವರನ್ನೇ ತಡೆದು, "ಅಣ್ಣಾ, ಬಿಷಪ್ ಎಲ್ಲಿದಾರೆ?" ಎಂದು ಕೇಳುತ್ತಿದ್ದರು. ಮಾವ ಸಾವಧಾನವಾಗಿ, "ಕೂತ್ಕೊಳ್ಳಿ, ಕೈ ತೊಳ್ಕೊಂಡು ಬರ್ತಾರೆ" ಎಂದು ಹೇಳಿ, ಒಳಗೆ ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದರು.

ಅವರಿಗೆ ಬಿಷಪ್ ಪಟ್ಟ ಸಿಕ್ಕಿದ್ದು ಉತ್ತರ ಕರ್ನಾಟಕದ ಒಂದು ಬಿಸಿಲೂರಿನಲ್ಲಿ. ನಾವೆಲ್ಲ ಚಂದಾಪುರದಿಂದ ವ್ಯಾನು ಮಾಡಿಕೊಂಡು ಹೋಗಿದ್ದೆವು. ಬ್ಯಾಂಡು ಸಿದ್ಧ, ಹಾರ ಸಿದ್ಧ, ಮೆರವಣಿಗೆ ಸಿದ್ಧ, ಮದುಮಗನೇ ನಾಪತ್ತೆ! ಕೊನೆಗೆ ಅಮ್ಮ ಚರ್ಚಿನ ಹಿಂದೆ ಹೋಗಿ ನೋಡಿದರೆ ಇವರು ಅಡುಗೆಯವರ ಮಧ್ಯೆ ನಿಂತು ಕೊಪ್ಪರಿಗೆಗೆ ಉಪ್ಪು ಹಾಕಿಸುತ್ತಿದ್ದಾರೆ.

"ಲೋ, ರೋಮಿಂದ ಆರ್ಡರ್ ಬಂದಿರೋದು ನಿಂಗೋ, ಅಡುಗೆಯವನಿಗೋ?"

"ಅಕ್ಕಾ, ಪೂಜೆ ಮುಗಿಯೋಕೆ ಮಧ್ಯಾಹ್ನ ಆಗುತ್ತೆ. ಆಮೇಲೆ ಜನಕ್ಕೆ ನೆನಪಿರೋದು ಈ ಸಾರೊಂದೇ."

ಬಿಷಪ್ಪರ ಉಂಗುರಕ್ಕೆ ಮುತ್ತಿಡುವುದು ನಮ್ಮಲ್ಲಿ ಭಕ್ತಿಯ ರೂಢಿ. ಆದರೆ ಮುತ್ತಿಡಲು ಉಂಗುರ ಬೆರಳಲ್ಲಿ ಇರಬೇಕಲ್ಲ! ಮಾವನಿಗೆ ರಿಪೇರಿಯ ಹುಚ್ಚು. ಸಿಸ್ಟರುಗಳ ಮಿಕ್ಸಿ, ಊರವರ ಬೋರ್‌ವೆಲ್ ಮೋಟಾರು, ಎಲ್ಲಿ ಏನು ಕೆಟ್ಟರೂ ಉಂಗುರ ಬಿಚ್ಚಿಟ್ಟು ಸ್ಪ್ಯಾನರ್ ಹಿಡಿಯುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ಭಕ್ತಿಯಿಂದ ಬಾಗಿ ಕೈಗೆ ಮುತ್ತಿಟ್ಟು ಎದ್ದರೆ, ತುಟಿಯ ಮೇಲೆ ಗ್ರೀಸಿನ ಮೀಸೆ! "ಆಶೀರ್ವಾದ ಸ್ವಲ್ಪ ಮೂಗಿಗೂ ಹತ್ತಿದೆ, ಒರೆಸ್ಕೊಳಮ್ಮ" ಎಂದರಂತೆ.

ಎಪ್ಪತ್ತೈದು ತುಂಬಿದ ಬಿಷಪ್ಪರು ಪೋಪರಿಗೆ ರಾಜೀನಾಮೆ ಕೊಡಬೇಕೆಂಬುದು ನಿಯಮ. ಮಾವ ಅದನ್ನು ಕೊಟ್ಟರು, ಒಪ್ಪಿಗೆಯೂ ಬಂತು. ವೈಟ್‌ಫೀಲ್ಡ್ ಕಡೆಯ ಒಂದು ವಿಶ್ರಾಂತಿ ಗೃಹದಲ್ಲಿ ಅವರಿಗಾಗಿ ಎ.ಸಿ. ಕೋಣೆ, ಕಿಟಕಿ ತೆಗೆದರೆ ತೋಟ, ಬೆಲ್ ಒತ್ತಿದರೆ ನರ್ಸು, ಎಲ್ಲ ತಯಾರಾಗಿತ್ತು. ಈ ಪುಣ್ಯಾತ್ಮರು ಟ್ರಂಕು ಹಿಡಿದು ಬಂದಿಳಿದದ್ದು ಚಂದಾಪುರದ ನಮ್ಮ ಚರ್ಚಿನ ಹಿಂದಿನ ಸಣ್ಣ ಕೋಣೆಗೆ. ಪಕ್ಕದಲ್ಲೇ ಜನರೇಟರು!

"ತಲೆ ಕೆಟ್ಟಿದ್ಯೇನೋ ನಿಂಗೆ?" ಎಂದು ಅಮ್ಮ ತರಾಟೆಗೆ ತೆಗೆದುಕೊಂಡರು.

"ನನ್ನ ಜನ ಎಲ್ಲಾ ಇಲ್ಲಿಗೇ ಬಂದ್ಬಿಟ್ಟವ್ರೆ ಅಕ್ಕಾ. ಕೊನೆಕೊನೆಗೆ ಅಲ್ಲಿ ಖಾಲಿ ಬೆಂಚಿಗೇ ಪ್ರಸಂಗ ಹೇಳ್ತಿದ್ದೆ."

ಮಾತು ನಿಜ. ಆ ಬಿಸಿಲೂರಿನಲ್ಲಿ ಅವರ ಕೈಯಲ್ಲೇ ಜ್ಞಾನಸ್ನಾನ ಪಡೆದವರು ಈಗ ಜಿಗಣಿಯ ಕಾರ್ಖಾನೆಗಳಲ್ಲಿ, ಸುತ್ತಲ ಕಟ್ಟಡಗಳಲ್ಲಿ ದುಡಿಯುತ್ತ, ಸಾಲುಮನೆಗಳ ಒಂದೊಂದು ಕೋಣೆಯಲ್ಲಿ ನಾಲ್ಕೈದು ಜನ ಮಲಗುತ್ತಿದ್ದರು. ಭಾನುವಾರವೂ ಸಂಜೆಯವರೆಗೆ ಕೆಲಸ. ಚರ್ಚಿಗೆ ಬರುವುದು ಯಾವಾಗ? ಹಾಗಾಗಿ ಮಾವನಿಗೆ ಬೇಕಾದದ್ದು ಒಂದೇ: ಭಾನುವಾರ ಸಂಜೆ ಐದಕ್ಕೆ ಆ ಜನರಿಗೊಂದು ಪೂಜೆ.

ಇದೇನು ಮಹಾ ಎನ್ನಬೇಡಿ. ನಮ್ಮ ಕಡೆ ಚರ್ಚಿನ ಭಾನುವಾರವೆಂದರೆ ಥೇಟ್ ಬಸ್ ಸ್ಟ್ಯಾಂಡು. ಇಂಗ್ಲಿಷಿನ ಪೂಜೆ, ತಮಿಳಿನದು, ಕನ್ನಡದ್ದು, ಮಲಯಾಳದ್ದು. ಒಬ್ಬರು ಏಳುವ ಮೊದಲೇ ಇನ್ನೊಬ್ಬರು ಕರ್ಚೀಫು ಹಾಕಿರುತ್ತಾರೆ! ಸಂಜೆ ಐದು ಗಾಯನ ಮಂಡಳಿಯ ಅಭ್ಯಾಸಕ್ಕೆ ಮೀಸಲು. ನಿವೃತ್ತ ಬಿಷಪ್ಪರಿಗೆ ಗೌರವ ಉಂಟು, ಅಧಿಕಾರ ಇಲ್ಲ. ಚರ್ಚಿನ ಪಾದ್ರಿಯನ್ನೇ ಕೇಳಬೇಕು. ಆ ಪಾದ್ರಿಯೋ, ಪಾದ್ರಿಗಳ ತರಬೇತಿಯ ಸೆಮಿನರಿಯಲ್ಲಿ ಮಾವನ ಕೈಯಲ್ಲೇ ಕಲಿತು ಬೈಸಿಕೊಂಡವರು.

"ಫಾದರ್, ಒಳಗ್ ಬರ್ಲಾ?" ಎಂದು ಮಾವ ಬಾಗಿಲಲ್ಲಿ ನಿಂತರೆ ಪಾಪ ಅವರು ಕುರ್ಚಿ ಸಮೇತ ಎದ್ದರು.

"ಒಂದ್ ಭಾನುವಾರ ನೋಡೋಣ, ಪೂಜ್ಯರೇ. ಜನ ಬಂದ್ರೆ ಖಂಡಿತ ಮುಂದುವರಿಸೋಣ. ಬೆಂಚ್ ಖಾಲಿ ಇದ್ರೆ ಮಾತ್ರ ಹಾಡೋರು ನನ್ನ ಬಿಡಲ್ಲ" ಎಂದರು, ಮಾವನ ಕೋರಿಕೆ ಕೇಳಿ.

ಶುರುವಾಯಿತು ಮಾವನ ಪ್ರಚಾರ! ನಿಲುವಂಗಿ ಮೊಣಕಾಲಿಗೆ ಎತ್ತಿ ಕಟ್ಟಿ, ಸ್ಕೂಟರ್ ಹಿಂದೆ ನನ್ನನ್ನು ಕೂರಿಸಿಕೊಂಡು ಸೈಟಿಂದ ಸೈಟಿಗೆ. ಇವರನ್ನು ಕಂಡದ್ದೇ ಗಾರೆ ಕೆಲಸದವರು ಬಾಂಡ್ಲಿ ಕೆಳಗಿಟ್ಟು ಓಡಿಬರುತ್ತಿದ್ದರು. "ಬರ್ತೀವ್ರೀ ಅಜ್ಜಾರ. ಮೇಸ್ತ್ರಿ ಬಿಟ್ರ ಬಂದೇ ಬರ್ತೀವಿ." ಆ 'ಬಿಟ್ರ' ಮಾವನ ನಿದ್ದೆಗೆಡಿಸಿತು. ಇರಲಿ ಎಂದು, ತಾವು ಮಿಕ್ಸಿ ಸರಿಮಾಡಿಕೊಟ್ಟಿದ್ದ ಸಾಲುಮನೆ ಮಾಲಕಿ ಮುನಿಯಮ್ಮನಿಗೂ ಹೇಳಿಟ್ಟರು: "ಬೆಂಚು ತುಂಬಬೇಕು ಕಣಮ್ಮ, ನೀನೂ ಬಾ."

ಭಾನುವಾರ ಐದಾಯಿತು. ಮುಂದಿನ ಬೆಂಚಿನಲ್ಲಿ ಕಾಸಿನಗಲ ಕುಂಕುಮ, ಮೊಳ ಮಲ್ಲಿಗೆ, ತಟ್ಟೆಯಲ್ಲಿ ತೆಂಗಿನಕಾಯಿ ಬಾಳೆಹಣ್ಣು ಸಮೇತ ಮುನಿಯಮ್ಮ. ಪಕ್ಕದಲ್ಲಿ ಅವಳ ಸಂಸಾರ. ಬದಿಯಲ್ಲಿ ಗಾಯನ ಮಂಡಳಿಯ ಒಂದಿಬ್ಬರು. ಹಿಂದೆ ಅಮ್ಮ ಮತ್ತು ನಾನು. ಅದರ ಹಿಂದೆ ಬರೀ ಬೆಂಚು.

"ಅರ್ಚನೆ ಯಾರ್ ಎಸ್ರಲ್ಲಿ ಮಾಡುಸ್ಬೇಕು ಸ್ವಾಮಿ?" ಮುನಿಯಮ್ಮ ಎದ್ದು ನಿಂತು ಕೇಳಿಯೇಬಿಟ್ಟಳು.

"ಬರದೇ ಇರೋರ ಹೆಸರಲ್ಲಿ ಮಾಡ್ಸಮ್ಮ" ಎಂದರು ಮಾವ.

ನಾವು ನಕ್ಕೆವು. ಮಾವನೂ ನಕ್ಕರು. ಆದರೆ ಪುಸ್ತಕ ತೆರೆಯುವಾಗ ಅವರ ಕಣ್ಣು ಮತ್ತೆ ಮತ್ತೆ ಮುಂಬಾಗಿಲಿಗೇ ಹೋಗುತ್ತಿತ್ತು. ಪಕ್ಕದ ಬಾಗಿಲಲ್ಲಿ ಪಾದ್ರಿ ಬೆಂಚುಗಳನ್ನೇ ನೋಡುತ್ತ ನಿಂತಿದ್ದರು. ಎಷ್ಟೋ ವರ್ಷಗಳಿಂದ ದೇವರ ಮುಂದೆ ಏನನ್ನೂ ಬೇಡದಿದ್ದ ನಾನು ಅವತ್ತು ಬೇಡಿಕೊಂಡೆ.

ಬೈಬಲಿನ ಶುಭಸಂದೇಶದ ವಾಚನ ನಡೆಯುತ್ತಿದ್ದಾಗ ಹೊರಗೆ ಟೆಂಪೋ ನಿಂತ ಸದ್ದಾಯಿತು. ಬಂದರು! ಹೆಂಗಸರು, ಗಂಡಸರು, ನಲ್ಲಿಯಲ್ಲಿ ಮುಖ ತೊಳೆದಿದ್ದರೂ ಕೂದಲಲ್ಲಿ ಸಿಮೆಂಟು ಹಾಗೇ ಇತ್ತು. ಫ್ಯಾನಿನ ಕೆಳಗಿನ ಬೆಂಚುಗಳಲ್ಲಿ ಒತ್ತೊತ್ತಾಗಿ ಕುಳಿತರು. ಮಾವನ ದನಿಗೆ ಜೀವ ಬಂದು ಪ್ರಸಂಗ ಶುರುವಾಯಿತು. ನಾಲ್ಕು ಮಾತು ಆಡಿದ್ದರೋ ಇಲ್ಲವೋ, ಒಂದು ತಲೆ ಪಕ್ಕದ ಹೆಗಲಿಗೆ ವಾಲಿತು. ಆ ಪಕ್ಕದವನೂ ವಾಲಿದ. ನೋಡನೋಡುತ್ತ ಬೆಂಚಿಗೆ ಬೆಂಚೇ ನಿದ್ದೆಹೋಯಿತು. ಹಾಡುವವರಲ್ಲಿ ಒಬ್ಬರು ಎಬ್ಬಿಸಲೆಂದು ಜೋರಾಗಿ ಕೆಮ್ಮಿದರು. ಮಾವ ಬೇಡವೆಂದು ಕೈ ಮಾಡಿ, ಮಾತು ನಿಲ್ಲಿಸಿ, ಪೀಠದ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಯಾಕ್ ಸ್ವಾಮಿ, ನಿಲ್ಲಿಸ್ಬುಟ್ರಿ?" ಎಂದಳು ಮುನಿಯಮ್ಮ ಪಿಸುದನಿಯಲ್ಲಿ.

"ಬೆಳಗ್ಗಿಂದ ದುಡಿದವ್ರೆ. ಸ್ವಲ್ಪ ಹೊತ್ತು ಮಲಗ್ಲಿ ಬಿಡಮ್ಮ. ದೇವರಿಗೇನು ಅರ್ಜೆಂಟಿಲ್ಲ."

ಇಷ್ಟು ವರ್ಷ ನಾನು ನೋಡಿ ನಗಾಡುತ್ತ ಬಂದಿದ್ದ ಮಾವನ ಮೇಲೆ ನನಗೆ ಅಳು ಬರುವಷ್ಟು ಪ್ರೀತಿ ಬಂತು. ಪಾದ್ರಿ ತುದಿಗಾಲಲ್ಲಿ ಹೋಗಿ, ಹೊಸೂರು ರಸ್ತೆಯ ಹಾರ್ನು ಕೇಳದಂತೆ ಆ ಕಡೆಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದರು. ಆಮೇಲೆ ಬಂದು ಮೆಟ್ಟಿಲ ಮೇಲೆ ತಮ್ಮ ಗುರುವಿನ ಪಕ್ಕದಲ್ಲೇ ಕುಳಿತರು.

"ಪೂಜ್ಯರೇ, ಮುಂದಿನ ವಾರದಿಂದ ಪೂಜೆ ಐದೂವರೆಗೆ ಇಟ್ಕೊಳ್ಳೋಣ. ಬಾಗಿಲು ಮಾತ್ರ ಐದಕ್ಕೇ ತೆಗೀತೀನಿ. ಮೊದಲು ಒಂದು ನಿದ್ದೆ ಮಾಡ್ಲಿ."

ಮಾವ ತಲೆಯಾಡಿಸಿ, ನಿಲುವಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.