ನನ್ನ ತಲೆಯ ಹಿಂದಿನ ಬಾಯಿ

ಕೆಲವರಿಗೆ ದಾರಿಯಲ್ಲಿ ನಾಯಿ ಗಂಟುಬೀಳುತ್ತದೆ, ಕೆಲವರಿಗೆ ನೆಂಟರು, ನನಗೆ ಇಂಥ ಪ್ರಸಂಗಗಳು. ನೀರಾವರಿ ಕಚೇರಿಯಲ್ಲಿ ಇದ್ದಷ್ಟು ವರ್ಷ ಅವು ಎದುರಿನಿಂದ ಬರುತ್ತಿದ್ದವು. ನಿವೃತ್ತನಾದ ಮೇಲೆ ಹಿಂದಿನಿಂದ ಬರತೊಡಗಿವೆ. ಬೆನ್ನ ಹಿಂದೆ ಯಾರೋ ನಿಂತು ನಗುತ್ತಿದ್ದಾರೆ ಅನಿಸುತ್ತದೆ. ಗಕ್ಕನೆ ತಿರುಗಿದರೆ ಯಾರೂ ಇಲ್ಲ. ಇರುವುದು ಹೇಗೆ? ನಾನು ತಿರುಗಿದರೆ ಅವನೂ ತಿರುಗುತ್ತಾನಲ್ಲ!

೧. ತಪ್ಪಿ ಹೊಲಿದ ಬಾಯಿ

ಮೊದಲು ಮೂಲಕಥೆ. ನನ್ನ ತಲೆ ಮದುವೆಗೆ ಮುಂಚೆಯೇ ಬಟಾಬಯಲು. ನಿವೃತ್ತಿಯ ಖುಷಿಯಲ್ಲಿ, ಇನ್ನಾದರೂ ಒಮ್ಮೆ ಬೈತಲೆ ತೆಗೆಯೋಣ ಅಂತ, ಹೆಂಡತಿಯೊಬ್ಬಳನ್ನೇ ಕರೆದುಕೊಂಡು ದೊಡ್ಡ ಊರಿಗೆ ಹೋಗಿ ಕೂದಲು ನೆಡಿಸಿಕೊಂಡು ಗೋಕಾಕಕ್ಕೆ ಬಂದೆ. ತಲೆಯ ಹಿಂಭಾಗದಿಂದ ಕೂದಲು ಸಮೇತ ಚರ್ಮದ ಒಂದು ಪಟ್ಟಿ ಕೊಯ್ದು, ಅದರ ಬೇರುಗಳನ್ನು ಬಿಡಿಸಿ ಮುಂದೆ ನೆಡುತ್ತಾರೆ. ಥೇಟ್ ಕಬ್ಬಿನ ನಾಟಿ. ಕೊಯ್ದ ಜಾಗಕ್ಕೆ ಹೊಲಿಗೆ. "ಗೆರೆ ಕೂದಲಿನಡಿ ಮುಚ್ಚಿಹೋಗುತ್ತೆ" ಅಂದಿದ್ದರು ಡಾಕ್ಟರು.

ಬೆಳೆಯೇನೋ ಹುಲುಸಾಗಿ ಬಂತು. ಆದರೆ ಹಿಂದಿನ ಗೆರೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಬೆಳ್ಳಗೆ ಉಳಿದು, ಎರಡೂ ತುದಿ ತುಸು ಮೇಲೆತ್ತಿ, ತುಟಿ ಬಿಗಿಹಿಡಿದು ನಕ್ಕ ಹಾಗೆ ನಿಂತಿತು. ಕಣ್ಣಿಲ್ಲ, ಮೂಗಿಲ್ಲ, ನಗು ಮಾತ್ರ. ಒಂದು ದಿನ ಸ್ನಾನ ಮುಗಿಸಿ ಬೆನ್ನು ತಿರುಗಿಸಿ ಕೂತಿದ್ದೆ. ಹೆಂಡತಿ ಚಹಾ ತಂದವಳು ಕಪ್ಪನ್ನು ಹಿಂಬದಿಯ ಆ ಬಾಯಿಯ ಹತ್ತಿರವೇ ಹಿಡಿದು ಬಹಳ ಹೊತ್ತು ನಿಂತಳಂತೆ.

"ಯಾಕ, ಏನಾತು?" ಅಂದೆ ತಿರುಗಿ.

"ಏನಿಲ್ರಿ" ಅಂದಳು ಬೆವರು ಒರೆಸಿಕೊಳ್ಳುತ್ತಾ. "ಡಾಕ್ಟರು ತಪ್ಪಿ ಬ್ಯಾರೆ ಬಾಯಿ ಹೊಲದಾರ. ಹೊಲೀಬೇಕಾದದ್ದು ಮುಂದಿಂದು."

೨. ಅಕ್ಕನ ಬೆಲ್ಲ

ಇಷ್ಟೇ ಆಗಿದ್ದರೆ ಮುಚ್ಚಿಡುವ ಗೊಡವೆ ಇರಲಿಲ್ಲ. ನನ್ನನ್ನು ತಾಯಿಯ ಹಾಗೆ ಸಾಕಿದ ಅಕ್ಕ ಹುಕ್ಕೇರಿಯಲ್ಲಿದ್ದಾಳೆ. ನನ್ನ ಕೂದಲು ಉದುರಿ ಹೆಣ್ಣು ಸಿಗದೆ ಅಲೆಯುತ್ತಿದ್ದ ಕಾಲಕ್ಕೆ ಅವಳು ಗುಡ್ಡದ ಮೇಲಿನ ನಮ್ಮ ಮನೆದೇವರಿಗೆ, "ತಮ್ಮನ ತಲಿ ತುಂಬೂತನಾ ಬೆಲ್ಲಾ ಬಾಯಾಗ ಹಾಕಂಗಿಲ್ಲ" ಎಂದು ಹರಕೆ ಹೊತ್ತಳು. ಮುಂದೆ ಹೆಣ್ಣು ಸಿಕ್ಕಿತು, ಕೂದಲು ಬರಲಿಲ್ಲ. ಊರ ತುಂಬ ಆಲೆಮನೆ, ಅವಳ ಬಾಯಿಗೆ ಬೆಲ್ಲವಿಲ್ಲ. ಹಬ್ಬದ ಹೋಳಿಗೆ ಸುಟ್ಟು ಎಲ್ಲರಿಗೂ ಬಡಿಸಿ, ತಾನು ರೊಟ್ಟಿ ಮುರಿಯುತ್ತಿದ್ದಳು.

ಹೊಸ ಕೂದಲು ಹೊತ್ತು ಅವಳ ಮನೆಗೆ ಹೋದೆ. ನಿಜ ಹೇಳಬೇಕೆಂದೇ ಹೋದದ್ದು. ನೋಡಿದವಳೇ ನನ್ನ ತಲೆ ಹಿಡಿದು ಅತ್ತಳು. ಒಳಗೆ ಹೋಗಿ ಡಬ್ಬಿ ತೆಗೆದು ಒಂದು ಹೆಂಟೆ ಬೆಲ್ಲ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, "ದೇವರು ಇದ್ದಾನಪಾ ತಮ್ಮಾ" ಅಂದಳು. ಆ ಮುಖ ನೋಡಿ ಡಾಕ್ಟರ ಹೆಸರು ಹೇಳುವ ಧೈರ್ಯ ಯಾರಿಗಿದೆ? ಹೇಳಿದರೆ ಅವಳು ಆ ಬೆಲ್ಲ ಉಗುಳಿಬಿಡುತ್ತಾಳೆ, ಮತ್ತೆ ಮುಟ್ಟುವುದಿಲ್ಲ. ಇನ್ನು ಗೆರೆ ಅವಳ ಕಣ್ಣಿಗೆ ಬೀಳಬಾರದು, ಅಷ್ಟೇ.

ಹೊರಡುವಾಗ ಹಿತ್ತಲ ಬಾಗಿಲವರೆಗೂ ಅವಳಿಗೆ ಮುಖ ಕೊಟ್ಟು ಹಿಂದೆ ಹಿಂದೆ ನಡೆದೆ. ಅಕ್ಕ ನೆರೆಮನೆಯವಳಿಗೆ ಹೇಳಿದಳು: "ಎಷ್ಟು ಮರ್ಯಾದಿ ನೋಡವಾ, ನನಗ ಬೆನ್ನ ತೋರಸಂಗಿಲ್ಲ!" ಮರ್ಯಾದೆಗೆ ಅವಳ ಎಮ್ಮೆಯೂ ಸಾಕ್ಷಿ, ನಾನು ಅದರ ಮೇಲೇ ಹೋಗಿ ಬಿದ್ದೆ.

೩. ಹೊಸ ಜೋಡಿ

ಮೊದಲನೆಯ ಉಪಾಯ, ಹಿಂದಿನ ಕೂದಲು ಉದ್ದ ಬಿಡುವುದು. ಬಿಟ್ಟೆ. ಒಣಗಿದ್ದರೆ ಗೆರೆ ಕಾಣದು, ನೆನೆದರೆ ಸೀಳಿಕೊಂಡು ಹೊರಬೀಳುತ್ತದೆ. ಇದು ಗೊತ್ತಾದದ್ದು ಗೋಕಾಕ ಫಾಲ್ಸಿನ ಹತ್ತಿರ, ಮಳೆಗಾಲದ ಒಂದು ಬೆಳಿಗ್ಗೆ. ಕೆಂಪು ನೀರು ಭೋರ್ಗರೆಯುತ್ತಿತ್ತು, ತುಂತುರು ಮಂಜಾಗಿ ಎದ್ದು ಮಾರು ದೂರದ ಮನುಷ್ಯ ಕಾಣುತ್ತಿರಲಿಲ್ಲ. ನಾನು ನೀರಿಗೆ ಮುಖ ಮಾಡಿ ಕಪ್ಪು ಕೊಡೆಬಟ್ಟೆಯ ಕೋಟು ಹೊದ್ದು ಬರಿದಲೆಯಲ್ಲಿ ನಿಂತಿದ್ದೆ. ಹಿಂದೆ ಒಂದು ಎಳೆಯ ಗಂಡುದನಿ:

"ಯಜಮಾನ್ರ, ನಮ್ಮಿಬ್ರದೊಂದು ಫೋಟೋ ತಗೀರಲಾ."

ಬೇರೆ ಯಾರಿಗೋ ಹೇಳುತ್ತಿದ್ದಾರೆ ಅಂದುಕೊಂಡು ನಾನು ನೀರು ನೋಡುತ್ತಲೇ ನಿಂತೆ.

"ನೋಡ್ರಿ, ಬರೇ ನಗಾಕತ್ತಾರ. ಮಾತಾಡವಲ್ರು" ಅಂದಿತು ಹೆಣ್ಣುದನಿ. ಆಮೇಲೆ ಅದೇ ದನಿ ಸಣ್ಣಗೆ ನಡುಗಿತು: "ಏನ್ರಿ... ಇವರಿಗೆ ಕಣ್ಣ ಎಲ್ಲಿ?"

ಆಗ ನಾನು ತಿರುಗಿದೆ. ಅವರಿಗೆ ಕಂಡದ್ದನ್ನು ನೀವೇ ಊಹಿಸಿ. ಮಂಜಿನಲ್ಲಿ ಒಂದು ಬರಿಯ ನಗು ಮೆಲ್ಲನೆ ಪಕ್ಕಕ್ಕೆ ಸರಿದು, ಅದರ ಹಿಂದಿನಿಂದ ಇನ್ನೊಂದು ಮುದಿ ಮುಖ ಬಂತು! ಹುಡುಗಿ ಚೀರಿ ಓಡಿದಳು. ನಾನು, "ನಿಲ್ರಿ, ನಾನೂ ಮನಷ್ಯಾನ!" ಅಂತ ಬೆನ್ನು ಹತ್ತಿದೆ. ಗಂಡ ಓಡುತ್ತಲೇ ಕೈ ಮುಗಿದ:

"ಅಜ್ಜಾ, ನಮ್ಮ ಲಗ್ನ ನಿನ್ನಿ ಆಗೇತ್ರಿ! ಇನ್ನೊಂದೆರಡ ದಿನಾ ಬಿಡ್ರಿ!"

೪. ದಿಂಬು

ಗೋಕಾಕದ ಕಟಿಂಗ್ ಅಂಗಡಿಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅಂತ ಮೂಡಲಗಿಗೆ ಹೋದೆ. ಅಲ್ಲಿಯವನು ಹಿಂದೊಂದು ಕನ್ನಡಿ ಹಿಡಿದ. ಎದುರು ಕನ್ನಡಿಯಲ್ಲಿ ನಾನು, ನನ್ನ ಹಿಂದೆ ಆ ಗೆರೆಬಾಯಿಯವನು, ಅವನ ಹಿಂದೆ ಮತ್ತೆ ನಾನು, ಹೀಗೆ ಸಾಲುಗಟ್ಟಿ ಒಳಗೊಳಗೆ ಹೋಗಿತ್ತು. ನಾನು ಸಪ್ಪಗಿದ್ದೆ, ಅವನೊಬ್ಬ ನಗುತ್ತಿದ್ದ. "ಕರೀ ಪುಡಿ ಬರತೈತ್ರಿ. ಗೆರಿ ಮ್ಯಾಲ ಉದುರಿಸಿದ್ರ ಕೂದಲದ್ಹಂಗ ಕಾಣತೈತಿ" ಎಂದು ಕಟಿಂಗಿನವನು ಪುಡಿ ಉದುರಿಸಿಯೇ ಕಳಿಸಿದ. ಬಾಯಿ ಮಾಯ!

ಆ ಸಂಭ್ರಮದಲ್ಲಿ ಕೊಣ್ಣೂರಿನ ಬೀಗರ ಮನೆಗೆ ಹೋಗಿ, ಉಂಡು, ಸೆಕೆಯಲ್ಲಿ ಬೆವರುತ್ತಾ ಒಂದು ನಿದ್ದೆ ತೆಗೆದೆ. ಎದ್ದಾಗ ಬೀಗರ ಮುದುಕಿ ನನ್ನ ಸುತ್ತ ಮೆಣಸಿನಕಾಯಿ ಇಳಿಸುತ್ತಿದ್ದಳು. ಮಿಕ್ಕವರು ಗೋಡೆಗೆ ಅಂಟಿ ನಿಂತಿದ್ದರು. ಬಿಳಿಯ ದಿಂಬಿನ ಮೇಲೆ ಪುಡಿ ಇಳಿದು, ಕಪ್ಪನೆಯ ದೊಡ್ಡದೊಂದು ನಗು ಅಚ್ಚೊತ್ತಿತ್ತು.

"ಒಗದು ಕೊಡ್ತೇನ್ರಿ" ಅಂದೆ. ಯಾರೂ ಕೇಳಲಿಲ್ಲ. ದಿಂಬನ್ನು ಮೂರು ದಾರಿ ಕೂಡುವಲ್ಲಿ ಇಟ್ಟು ಬಂದರು. ಸಂಜೆ ನನ್ನ ಬಸ್ಸು ಅದೇ ದಾರಿಯಲ್ಲಿ ಬಂತು. ದಿಂಬಿನ ಮೇಲೆ ಲಿಂಬೆಹಣ್ಣು, ಕುಂಕುಮ. ಕಿಟಕಿಯ ಪಕ್ಕದವರು ಇಣುಕಿ ನೋಡಿ ನನಗೆ ಪಿಸುಗುಟ್ಟಿದರು:

"ಆ ಕಡೆ ನೋಡಬ್ಯಾಡ್ರಿ. ಯಾರದೋ ಪೀಡಾ ಇಳಿಸ್ಯಾರ. ನೋಡಿದವರ ಬೆನ್ನ ಹತ್ತತೈತಿ."

೫. ಚುಕ್ಕಿ

ಇನ್ನೊಂದು ದಾರಿ ಹಚ್ಚೆ. ಗೆರೆಯ ಮೇಲೂ ಸುತ್ತಲೂ ಸಣ್ಣ ಚುಕ್ಕಿ ಹಾಕಿದರೆ, ಸಣ್ಣಗೆ ಕತ್ತರಿಸಿದ ಕೂದಲಿನ ಬುಡದಂತೆ ಕಾಣುತ್ತದಂತೆ. ಹೆಂಡತಿಯ ಅಭಿಪ್ರಾಯ ಕೇಳಿದೆ. ಅವಳು ನನ್ನನ್ನು ತಿರುಗಿಸಿ ನಿಲ್ಲಿಸಿ ಬಹಳ ಹೊತ್ತು ನೋಡಿದಳು.

"ಬ್ಯಾಡ್ರಿ" ಅಂದಳು. "ಈಗ ಬರೇ ನಗತಾನ. ಚುಕ್ಕಿ ಹಾಕಿಸಿದ್ರ ಅವಗ ಮೀಸಿ ಬರತಾವ."

೬. ಮುಡಿ

ಕೊನೆಗೆ ರುಮಾಲು ಸುತ್ತಿದೆ. ಅದೊಂದೇ ಗಟ್ಟಿ ಉಪಾಯ. ನೆಮ್ಮದಿಯಿಂದಿದ್ದೆ, ಹುಕ್ಕೇರಿಯಿಂದ ಅಕ್ಕನ ಫೋನು ಬರುವವರೆಗೆ.

"ತಮ್ಮಾ, ಹರಕಿಯೊಳಗ ಇನ್ನರ್ಧ ಉಳದೈತಿ. ನಿನ್ನ ಕೂದಲಾ ಬಂದ್ರ ಮೊದಲನೇ ಬೆಳಿ ದೇವರಿಗೆ ಅಂದಿದ್ದೆ. ಮುಡಿ ಕೊಡೂಣು, ಬಾ."

ತಲೆ ಬೋಳಿಸಿದರೆ ಗೆರೆ ಬಯಲು. ಕೂದಲು ಬಂದರೆ ಆ ಕೂದಲನ್ನೇ ಕೊಡುತ್ತೇನೆ ಅಂದರೆ ದೇವರು ಯಾಕಾದರೂ ಕೊಡಬೇಕು? ಆದರೆ ಅಕ್ಕನೆದುರು ವಾದವಿಲ್ಲ.

ಗುಡ್ಡದ ಮೇಲೆ ನನ್ನ ಹೆಂಡತಿ, ನೆಂಟರು, ಡೊಳ್ಳಿನವನು ಎಲ್ಲ ಸೇರಿದ್ದರು. ಕಂಬಳಿ ಹಾಸಿ ದೇವರ ಎದುರು ಕೂರಿಸಿದರು. ಕ್ಷೌರಿಕ ಮುಂದಿನಿಂದ ಶುರುಮಾಡಿದ. ನನ್ನ ನಾಟಿಯೆಲ್ಲ ಕಟಾವಾಗಿ ಮಡಿಲಿಗೆ ಬಿತ್ತು. ಅವನು ಹಿಂದೆ ಹೋದ. ಕತ್ತಿ ಸರ್ ಸರ್ ಅಂತ ಇಳಿದು, ಒಮ್ಮೆಗೇ ನಿಂತಿತು. ಡೊಳ್ಳಿನವನ ಕೈಯೂ ಮೇಲೆತ್ತಿದ ಹಾಗೇ ನಿಂತಿತು. ಅಕ್ಕ ನನ್ನ ಹಿಂದೆ ಇದ್ದಳು. ಅವಳ ತಣ್ಣನೆಯ ಬೆರಳು ಗೆರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಹರಿಯಿತು.

ಇನ್ನು ಮುಚ್ಚಿಟ್ಟು ಫಲವಿಲ್ಲ. "ಅಕ್ಕಾ, ಖರೇ ಹೇಳ್ತೇನಿ, ಡಾಕ್ಟರು ಹಿಂದ ಕೊಯ್ದು ಮುಂದ ಕೂದಲಾ ನೆಟ್ಟಾರ..." ಅಂತ ಬಾಯಿ ತೆರೆದೆ. ಬೆಲ್ಲದ ಹೆಂಟೆಯೊಂದು ಬಂದು ಬಾಯಲ್ಲಿ ಕೂತಿತು.

"ಡಾಕ್ಟರ ಕೈಯಾಗ ಕತ್ತಿ ಕೊಟ್ಟಾಂವ ಯಾರು?" ಅಂದಳು ಅಕ್ಕ. ಇನ್ನೊಂದು ತುಂಡನ್ನು ತಾನು ಚೀಪುತ್ತಾ, ಗೆರೆಯ ಉದ್ದಕ್ಕೂ ದೇವರ ಅರಿಸಿನದ ಭಂಡಾರ ತುಂಬಿದಳು. "ಮ್ಯಾಲ ಕೂದಲಾ ನೆಡಾಕ ಹಿಂದ ಇಷ್ಟ ದೊಡ್ಡದು ಯಾಕ ತೆರೀಬೇಕಿತ್ತು? ದೇವರು ಒಳಗ ಬುದ್ಧೀನೂ ಇಟ್ಟು ಹೊಲದಾನ. ಕೂದಲಕ್ಕ ಬೆಲ್ಲಾ ಬಿಟ್ಟೆ, ಬಂತು. ಈಗ ಬುದ್ಧಿ ಚಿಗರೂತನಾ ಚಹಾ ಬಿಡ್ತೇನಿ."

ನನ್ನ ಹೆಂಡತಿ ಓಡಿಬಂದು ಅವಳ ಎರಡೂ ಕೈ ಹಿಡಿದಳು.

"ಅಕ್ಕಾರ, ನಿಮ್ಮ ಕಾಲ ಬೀಳ್ತೇನಿ, ಆ ಹರಕಿ ಬ್ಯಾಡ್ರಿ. ಸಾಯೂತನಾ ಚಹಾ ಇಲ್ದ ಹೆಂಗಿರ್ತೀರಿ?"

ಗುಡ್ಡವೇ ನಕ್ಕಿತು. ಬಾಯಿ ತುಂಬ ಬೆಲ್ಲವಿಟ್ಟುಕೊಂಡು ನಾನೂ ನಕ್ಕೆ. ಆದರೆ ಹಿಂದೆ ನಿಂತಿದ್ದವರು ಈಗಲೂ ಭಂಡಾರ ಮುಟ್ಟಿ ಆಣೆ ಮಾಡಿ ಹೇಳುತ್ತಾರೆ, ನನಗಿಂತ ಮೊದಲು ನಕ್ಕದ್ದು ಅವನೇ ಅಂತ.