ಚಿಗರಿಗೊಂದು ಅಗ್ಗದ ಕ್ಯಾಮರಾ

ಒಂದು ಸಾಮಾನು ಕೊಳ್ಳಲು ಹೋಗಿ, ಅದನ್ನಷ್ಟೇ ಕೊಂಡು ಸುಮ್ಮನೆ ಮನೆಗೆ ಬರುವ ಭಾಗ್ಯ ನನಗಿಲ್ಲ. ಕುಕ್ಕರ್ ಕೊಳ್ಳಲು ಹೋದರೆ ಅಂಗಡಿಯವನ ಹೆಂಡತಿಯ ಮಂಡಿನೋವಿನ ಕಥೆ ಪೂರ್ತಿ ಕೇಳಿ ಬರುತ್ತೇನೆ. ಛತ್ರಿ ಕೊಳ್ಳಲು ಹೋದರೆ ತೊಯ್ಸಿಕೊಂಡು ಬರುತ್ತೇನೆ. ಇಂಥವಳು ಕ್ಯಾಮರಾ ಕೊಳ್ಳುವ ಯೋಚನೆ ಮಾಡಿದ್ದೇ ತಪ್ಪು.

ಹಾವೇರಿಯ ಕೋರ್ಟಿನಲ್ಲಿ ನಾನು ಟೈಪಿಸ್ಟ್. ಬೆಳಿಗ್ಗೆಯಿಂದ ಸಂಜೆಯವರೆಗೆ ಬದುವಿನ ಜಗಳ, ಬಾವಿಯ ಜಗಳ, ಅಣ್ಣತಮ್ಮಂದಿರ ಜಗಳ ಟೈಪು ಮಾಡುವುದು. ವರ್ಷಗಟ್ಟಲೆ ಅದನ್ನೇ ಮಾಡಿದ ಮೇಲೆ, ಜಗಳವಾಡದ ಏನಾದರೊಂದನ್ನು ಕಣ್ತುಂಬ ನೋಡಬೇಕು ಅನ್ನಿಸತೊಡಗಿತ್ತು. ಒಮ್ಮೆ ಮದುವೆಗೆಂದು ಟೆಂಪೋದಲ್ಲಿ ರಾಣೆಬೆನ್ನೂರಿನ ಕಡೆ ಹೋಗುವಾಗ ಹೊಲದ ಅಂಚಿಗೆ ಒಂದು ಕರಿ ಚಿಗರಿ, ಅಂದರೆ ಕೃಷ್ಣಮೃಗ, ನಿಂತಿತ್ತು. ತಿರುಚಿದ ಕೊಂಬು, ಕಣ್ಣಿನ ಸುತ್ತ ಬಿಳಿ ಬಳೆ, ಹೊಟ್ಟೆಯಡಿ ಸುಣ್ಣ ಬಳಿದ ಹಾಗೆ ಬಿಳುಪು. ಟೆಂಪೋ ತುಂಬ ಜನವಿದ್ದರೂ ನನ್ನನ್ನು ಬಿಟ್ಟು ಯಾರೂ ಅದನ್ನು ನೋಡಲಿಲ್ಲ. ಹೇಳಿದರೆ ನಂಬಲೂ ಇಲ್ಲ.

“ಆಡು ಇರಬೇಕು ಬಿಡ್ರಿ,” ಅಂದರು.

ಇನ್ನೊಮ್ಮೆ ಕಂಡರೆ ಫೋಟೋ ತೆಗೆದು ಇವರೆಲ್ಲರ ಮುಖದ ಮುಂದೆ ಹಿಡಿಯಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಡಿಜಿಟಲ್ ಕ್ಯಾಮರಾ ನಮ್ಮ ಕಡೆ ಆಗಷ್ಟೇ ಕಾಲಿಡುತ್ತಿದ್ದ ಕಾಲ. ನನ್ನ ಬೇಡಿಕೆ ಮೂರೇ: ಸಂಬಳಕ್ಕೆ ಎಟುಕಬೇಕು, ಊರಿಗೆ ಹೋಗುವಾಗ ಕೈಚೀಲದಲ್ಲಿ ಹಿಡಿಸಬೇಕು, ದೂರದ ಪ್ರಾಣಿ ಹತ್ತಿರ ಕಾಣಬೇಕು. ಇಷ್ಟಕ್ಕೆ ನಾನು ಪಟ್ಟ ಪಾಡು ನೋಡಿ.

ಕಿವಿಯ ಬಿಲ್ಲೆ

ಮೊದಲು ಹೋಗಿದ್ದು ಕೋರ್ಟಿನ ಎದುರಿನ ಸ್ಟುಡಿಯೋಕ್ಕೆ. ಅದನ್ನು ನಡೆಸುವವರನ್ನು ನಾವೆಲ್ಲ ಚಾಚಾ ಅನ್ನುತ್ತೇವೆ. ಊರಿನ ಅರ್ಧ ಜನರ ಪಾಸ್‌ಪೋರ್ಟ್ ಸೈಜಿನ ಮುಖ ಅವರ ಕತ್ತರಿಯಡಿ ಹಾದುಹೋಗಿದೆ.

“ಚಾಚಾ, ಪ್ರಾಣಿ ಫೋಟೋ ತಗೀಬೇಕಂದ್ರ ಎಂಥಾ ಕ್ಯಾಮರಾ ಬೇಕ್ರಿ?”

ಅವರು ಫೋಟೋ ಕತ್ತರಿಸುತ್ತಿದ್ದರು, ತಲೆ ಎತ್ತಲಿಲ್ಲ. “ಅದಕ್ಕ ಕ್ಯಾಮರಾ ಯಾಕ ಕೊಳ್ತೀರಿ ಬೇಟಿ? ನಾನ ಬಂದು ತಗದು ಕೊಡ್ತೇನಿ. ಆಕಳೋ, ಎಮ್ಮಿಯೋ?”

“ಎರಡೂ ಅಲ್ರಿ.”

“ಹಂಗಾದ್ರ ಎತ್ತು.”

ಬ್ಯಾಂಕಿನಲ್ಲಿ ಎಮ್ಮೆ ಕೊಳ್ಳಲು ಸಾಲ ಕೇಳಿದರೆ, ಕಿವಿಗೆ ನಂಬರಿನ ಬಿಲ್ಲೆ ಹಾಕಿದ ಎಮ್ಮೆಯ ಫೋಟೋ ಹಚ್ಚಬೇಕು. ಆ ಕೆಲಸದಲ್ಲಿ ಚಾಚಾ ಪಳಗಿದ ಕೈ.

“ಎತ್ತೂ ಅಲ್ರಿ ಚಾಚಾ. ಚಿಗರಿ.”

ಕತ್ತರಿ ನಿಂತಿತು. “ಚಿಗರಿಗೂ ಸಾಲ ಕೊಡಾಕತ್ತಾರೇನ್ರಿ?”

ಸಾಲವಲ್ಲ, ಆಸೆ ಎಂದು ಹೇಳಿದೆ. ಅಡವಿಯ ಪ್ರಾಣಿ, ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಓಡುತ್ತದೆ ಎಂದು ವಿವರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಯೋಚಿಸಿದರು. ಕೊನೆಗೆ ತಮ್ಮ ಜೀವಮಾನದ ಅನುಭವವನ್ನೆಲ್ಲ ನನಗೆ ಧಾರೆ ಎರೆದರು:

“ಕ್ಯಾಮರಾ ಯಾವುದರ ಇರ್ಲಿ. ಕಿವ್ಯಾಗಿನ ಬಿಲ್ಲೆ ನಂಬರು ಸ್ವಚ್ಛ ಓದಾಕ ಬರಬೇಕು. ಮತ್ತ ಬಾಲ ಪೂರಾ ಬರಬೇಕು. ಹೋದ ತಿಂಗಳು ಬಾಲ ಕಟ್ ಆಗೇತಿ ಅಂತ ಒಂದು ಎಮ್ಮಿ ವಾಪಸ್ ಬಂತು ನೋಡ್ರಿ.”

ಸೀನು

ನಮ್ಮವರಿಗೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಸುಡು ಬ್ಯಾಸಗಿಯಲ್ಲೂ ಹೆಗಲ ಮೇಲೆ ಸ್ವೆಟರ್ ಹಾಕಿಕೊಂಡು ಹಾವೇರಿಯಿಂದ ರೈಲು ಹತ್ತುವ ಮನುಷ್ಯ. ಒಂದು ಸಂಜೆ ಬಂದವರೇ, “ನಿನ್ನ ಕ್ಯಾಮರಾ ಸಿಕ್ತು. ಒಬ್ಬ ಮೆಣಸಿನಕಾಯಿ ವ್ಯಾಪಾರಸ್ಥರ ಕಡೆ ಹಳೇದೊಂದು ಐತಿ. ಭಾಳ ಚಲೋದಂತ, ಸೋವಿಯೊಳಗ ಕೊಡ್ತಾರಂತ,” ಅಂದರು.

ಹೋದೆವು. ಮಾರುಕಟ್ಟೆಯ ದಿನ. ಯಾರ್ಡಿನ ತುಂಬ ಕೆಂಪು ರಾಶಿ. ನಡೆಯಲು ಒಂದು ಗೇಣು ಜಾಗವಿಲ್ಲ. ವ್ಯಾಪಾರಸ್ಥರು ಅಂಗಡಿಯ ಗಾದಿಯ ಮೇಲೆ ಕುಳಿತಿದ್ದರು. ಕ್ಯಾಮರಾವನ್ನು ಪಂಚೆಯಿಂದ ಒರೆಸಿ ನನ್ನ ಕೈಗೆ ಕೊಟ್ಟರು.

“ಕುಂದ್ರಿ ಅಕ್ಕಾರ. ಇದರಾಗ ಒಂದು ಕರಾಮತ್ತು ಐತಿ. ನಿಮ್ಮ ಕೈ ಎಷ್ಟರ ನಡುಗ್ಲಿ, ಫೋಟೋ ನಡುಗೂದಿಲ್ಲ. ತಗದು ನೋಡ್ರಿ.”

ನಾನು ಕಣ್ಣಿಗೆ ಹಿಡಿಯುವುದಕ್ಕೂ, ಹಮಾಲರು ಬಾಗಿಲ ಬಳಿ ಒಂದು ಚೀಲ ಸುರಿಯುವುದಕ್ಕೂ ಸರಿಹೋಯಿತು. ಒಂದು ಸೀನು. ಆಮೇಲೆ ಇನ್ನೊಂದು. ಒಟ್ಟು ಏಳು ಸಲ ಸೀನಿದೆ. ಪ್ರತಿ ಸೀನಿಗೂ ಬೆರಳು ತಾನಾಗಿ ಗುಂಡಿ ಒತ್ತಿತು. ಪರದೆಯಲ್ಲಿ ನೋಡಿದರೆ ಫ್ಯಾನು, ವ್ಯಾಪಾರಸ್ಥರ ಮೊಣಕಾಲು, ತಕ್ಕಡಿ, ಮತ್ತೆ ಫ್ಯಾನು. ಎಲ್ಲವೂ ಭೂಕಂಪದಲ್ಲಿ ತೆಗೆದಂತಿದ್ದವು.

“ಕರಾಮತ್ತು ಎಲ್ಲಿ ಐತ್ರಿ?” ಎಂದು ಕೇಳಿದೆ, ಮೂಗು ಒರೆಸಿಕೊಳ್ಳುತ್ತ.

“ಅದು ಕೈ ನಡುಗಿದ್ರ, ಅಕ್ಕಾರ. ನೀವು ಪೂರಾ ಮೈಯೆಲ್ಲಾ ನಡುಗಿದ್ರಿ,” ಅಂದರು. ಮೂವತ್ತು ವರ್ಷ ಆ ಘಾಟಿನಲ್ಲಿ ಕುಳಿತವರು, ಅವರಿಗೆ ಒಂದೂ ಸೀನು ಬರಲಿಲ್ಲ. ಝೂಮ್ ಹೇಗಿದೆ ತೋರಿಸುತ್ತೇನೆ ಎಂದು ಗುಂಡಿ ಒತ್ತಿದರು. ಲೆನ್ಸು ಕರಕರ ಸಪ್ಪಳ ಮಾಡುತ್ತ ಹೊರಬಂತು. ಅದರ ಸಂದಿಯಿಂದ ಒಂದು ಚಿಟಿಕೆ ಖಾರದ ಪುಡಿ ಗಾದಿಯ ಮೇಲೆ ಉದುರಿತು. ಒಳಗೆ ಹೋಗುವಾಗ ಇನ್ನೊಂದು ಚಿಟಿಕೆ.

ನಾನು ನಮ್ಮವರ ಮುಖ ನೋಡಿದೆ. ತಾವೇ ತಂದ ಸಂಬಂಧ, ಬಿಟ್ಟುಕೊಡಲು ಮನಸ್ಸಿಲ್ಲ.

“ಅಡವ್ಯಾಗ ಅಡ್ಡಾಡೋರಿಗೆ ಇದ ಬೇಷ್,” ಅಂದರು. “ಹುಲಿ ಮೈಮ್ಯಾಲೆ ಬಂದ್ರ ಬರೇ ಝೂಮ್ ಮಾಡಿದ್ರ ಸಾಕು. ಕಣ್ಣಾಗ ಖಾರ.”

ಝೂಮ್

ಕೊನೆಗೆ ಹೊಸದನ್ನೇ ಕೊಳ್ಳುವುದೆಂದು ಹುಬ್ಬಳ್ಳಿಗೆ ಹೋದೆವು. ನಮ್ಮವರು ಅಂಗಡಿಯೊಳಗೆ ಬರಲಿಲ್ಲ. “ಒಳಗ ಏಸಿ ಐತಿ. ವಾರದಾಗ ಆರು ದಿನಾ ಥಂಡ್ಯಾಗ ಇರಾಂವ, ಸೂಟಿ ದಿನಾನೂ ಯಾಕ?” ಎಂದು ಹೊರಗೇ ಉಳಿದರು.

ಟೈ ಕಟ್ಟಿದ್ದ ಅಂಗಡಿಯವರು ನನ್ನ ಮುಂದೆ ಎರಡು ಕ್ಯಾಮರಾ ಇಟ್ಟರು. ಒಂದು ಸಾಬೂನಿನ ಬಿಲ್ಲೆಯಷ್ಟು. ಅಗ್ಗ, ಕೈಚೀಲಕ್ಕೆ ಸಲೀಸು. ಇನ್ನೊಂದು ಊಟದ ಡಬ್ಬಿಯಷ್ಟು ದಪ್ಪ. ನಾನು ಅಂದುಕೊಂಡಿದ್ದಕ್ಕಿಂತ ಬೆಲೆ ಮೇಲೆ.

“ಝೂಮಿನ್ಯಾಗ ಎರಡು ಥರ ಇರ್ತಾವ್ರಿ ಮೇಡಂ. ಒಂದು ಲೆನ್ಸಿನ ಖರೇ ಝೂಮ್. ಇನ್ನೊಂದು ಫೋಟೋ ಹಿಗ್ಗಿಸಿ ತೋರಸೂ ಸುಳ್ಳು ಝೂಮ್. ಸಣ್ಣದರಾಗ ಖರೇದು ಮೂರು ಪಟ್ಟು, ಉಳದದ್ದು ಸುಳ್ಳು. ಈ ದೊಡ್ಡದರಾಗ ಹನ್ನೆರಡು ಪಟ್ಟು, ಎಲ್ಲಾ ಖರೇ.”

ದಿನವಿಡೀ ಸುಳ್ಳು ಟೈಪು ಮಾಡುವವಳಿಗೆ ಈ ಮಾತು ತಕ್ಷಣ ನಾಟಿತು. ದೊಡ್ಡದನ್ನು ಎತ್ತಿಕೊಂಡು ಗಾಜಿನ ಬಾಗಿಲಿಗೆ ಬಂದೆ. ರಸ್ತೆಯಾಚೆ ಒಂದು ಮಿಠಾಯಿ ಅಂಗಡಿ. ಗುಂಡಿ ಒತ್ತಿದೆ. ಬೋರ್ಡು ಬಂತು. ಇನ್ನಷ್ಟು ಒತ್ತಿದೆ; ಎಣ್ಣೆಯ ಬಾಣಲೆ ಬಂತು. ಬಾಣಲೆಯ ಪಕ್ಕ ಒಂದು ಚೌಕಳಿ ಅಂಗಿ. ಆ ಅಂಗಿಗೆ ನಾನೇ ಗುಂಡಿ ಹಚ್ಚಿದ್ದು. ಪೂರ್ತಿ ಒತ್ತಿದೆ. ನಮ್ಮವರು ಬಿಸಿ ಜಿಲೇಬಿ ತಿನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗಿನಿಂದ ಮನೆಯಲ್ಲಿ ಬೆಲ್ಲದ ಡಬ್ಬಿಯನ್ನೂ ಬಚ್ಚಿಡುತ್ತಿದ್ದೆ. ಇಲ್ಲಿ ಪಾಕ ಮೊಣಕೈಗೆ ಇಳಿಯುತ್ತಿತ್ತು.

“ಫೋಕಸ್ ಆತೇನ್ರಿ ಮೇಡಂ?” ಹಿಂದಿನಿಂದ ಅಂಗಡಿಯವರು ಕೇಳಿದರು.

“ಭಾಳ ಚಲೋ ಆತ್ರಿ,” ಅಂದೆ. ಒತ್ತಿದೆ.

ಹತ್ತು ನಿಮಿಷದ ಮೇಲೆ ನಮ್ಮವರು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು. “ಒಂದು ಚಾ ಕುಡದು ಬಂದೆ. ಸಕ್ರಿ ಇಲ್ಲದ್ದು,” ಅಂದರು. ನಾನು ಕ್ಯಾಮರಾದ ಹಿಂಭಾಗ ತಿರುಗಿಸಿ ತೋರಿಸಿದೆ. ಅವರು ಬಗ್ಗಿ ನೋಡಿದರು. ಆಮೇಲೆ ಅಂಗಡಿಯವರ ಕಡೆ ತಿರುಗಿ, ಮನೆಯ ಯಜಮಾನನ ಗಾಂಭೀರ್ಯದಿಂದ ಹೇಳಿದರು:

“ನಮಗ ಇಷ್ಟು ಖರೇ ಬ್ಯಾಡ್ರಿ. ಆ ಸಣ್ಣದ ಕಟ್ಟಿ ಕೊಡ್ರಿ.”

ಗೈರುಹಾಜರು

ದೊಡ್ಡದನ್ನೇ ತಂದೆ. ಅದಕ್ಕಾಗಿ ಆ ವರ್ಷದ ಸೀರೆ ಬಿಟ್ಟೆ.

ಭಾನುವಾರ ಬೆಳಿಗ್ಗೆ ರೈಲು ಹಿಡಿದು ರಾಣೆಬೆನ್ನೂರಿಗೆ, ಅಲ್ಲಿಂದ ಚಿಗರಿಗಳ ಅಭಯಾರಣ್ಯಕ್ಕೆ. ಕಾವಲುಗಾರ ದಾರಿ ತೋರಿಸಿ, “ಸಪ್ಪಳ ಮಾತ್ರ ಮಾಡಬ್ಯಾಡ್ರಿ,” ಅಂದ. ನಾನು ಉಸಿರನ್ನೂ ಬಿಗಿಹಿಡಿದು ಒಂದು ಪೊದೆಯ ಹಿಂದೆ ಕುಳಿತೆ. ಹುಲ್ಲಿನಲ್ಲಿ ಹನ್ನೆರಡು ಚಿಗರಿ! ಕ್ಯಾಮರಾ ಚಾಲೂ ಮಾಡಿದೆ. ಅದು ಗಟ್ಟಿಯಾಗಿ “ಟಿಣ್ ಟಿಣಾ ಟಿಣ್” ಎಂದು ಹಾಡಿತು. ಹನ್ನೆರಡು ತಲೆ ಎದ್ದವು. ನಾನು ಗುಂಡಿ ಒತ್ತಿದೆ. ನಾನು ಒತ್ತಿದ್ದು ಅದಕ್ಕೆ ಗೊತ್ತಾಗಿ, ಅದು ವಿಚಾರ ಮಾಡಿ, ಫೋಟೋ ತೆಗೆಯುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು.

ಆ ಹಾಡನ್ನು ಬಂದ್ ಮಾಡುವುದು ಕಲಿಯಲು ಎರಡು ವಾರ ಬೇಕಾಯಿತು. ಗುಂಡಿ ಒತ್ತಿದ ಮೇಲೆ ಅದು ಮಾಡುವ ತಡಕ್ಕೆ ಮದ್ದೇ ಸಿಗಲಿಲ್ಲ. ಮೂರು ಭಾನುವಾರ ಹೋದೆ. ಅಷ್ಟೂ ಫೋಟೋಗಳಲ್ಲಿ ಹುಲ್ಲು, ಪೊದೆ, ಧೂಳು, ಒಂದರಲ್ಲಿ ಮಾತ್ರ ಅಂಚಿಗೆ ಒಂದು ಬಿಳಿ ಪೃಷ್ಠ.

ಸೋಮವಾರ ಊಟದ ಬಿಡುವಿನಲ್ಲಿ ಕೋರ್ಟಿನವರೆಲ್ಲ ನನ್ನ ಮೇಜಿನ ಸುತ್ತ ನೆರೆದರು. ಒಂದೊಂದೇ ತೋರಿಸಿದೆ. ಶಿರಸ್ತೇದಾರರು ಕನ್ನಡಕ ಏರಿಸಿ, “ಇದರಾಗ ಎಲ್ಲಿ ಐತ್ರಿ?” ಎಂದು ಪ್ರತಿ ಫೋಟೋಕ್ಕೂ ಕೇಳಿದರು. “ಈಗ ಹೋತ್ರಿ,” ಎಂದು ಪ್ರತಿ ಸಲವೂ ನಾನು ಹೇಳಿದೆ.

ನಮ್ಮಲ್ಲಿ ಪಕ್ಷಗಾರರ ಹೆಸರು ಹಿಡಿದು ಕೂಗುವ ಪಟ್ಟೇವಾಲಾ ಒಬ್ಬನಿದ್ದಾನೆ. ಅವನ ದನಿ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ. ಅವನು ಕೊನೆಯ ಫೋಟೋದವರೆಗೆ ನೋಡಿದ. ಆಮೇಲೆ ನೆಟ್ಟಗೆ ಪಡಸಾಲೆಗೆ ಹೋಗಿ, ರೂಢಿಯಂತೆ ಮೂರು ಸಲ ಕೂಗಿದ:

“ಕರೀ ಚಿಗರೀ! ಕರೀ ಚಿಗರೀ! ಕರೀ ಚಿಗರಿ ಹಾಜರ್ ಅದಾರೇನ್ರೀ!”

ಹೊರಗೆ ಕುಳಿತ ಪಕ್ಷಗಾರರು ಗಾಬರಿಯಾಗಿ ಎದ್ದುನಿಂತರು. ಅವನು ತಿರುಗಿ ಬಂದು, ಕೈಕಟ್ಟಿ ನಿಂತು ವರದಿ ಒಪ್ಪಿಸಿದ:

“ಗೈರುಹಾಜರ್ರಿ ಬಾಯಾರ. ವಾರಂಟ್ ತಗಸ್ರಿ.”

ಕಡಲೆ ಹೊಲದಲ್ಲಿ

ಅವತ್ತು ಪಡಸಾಲೆಯಲ್ಲಿದ್ದ ಒಬ್ಬ ರೈತ ಸಂಜೆ ನನ್ನ ಹತ್ತಿರ ಬಂದ. ರಾಣೆಬೆನ್ನೂರಿನ ಕಡೆಯವನು, ಒಂದು ಬದುವಿನ ಕೇಸಿಗಾಗಿ ವರ್ಷಗಳಿಂದ ಅಲೆಯುತ್ತಿದ್ದುದರಿಂದ ಮುಖ ಪರಿಚಯವಿತ್ತು.

“ಅಕ್ಕಾರ, ಚಿಗರಿ ಹುಡುಕಿಕೋತ ಯಾಕ ಅಡ್ಡಾಡ್ತೀರಿ? ನಮ್ಮ ಹೊಲಕ್ಕ ಬರ್ರಿ. ದಿನಾ ಊಟಕ್ಕ ಬರ್ತಾವ.”

ಅವನ ಕಡಲೆ ಬೆಳೆಯನ್ನು ಚಿಗರಿಗಳು ಮೇಯುತ್ತಿದ್ದವು. ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದ. ಕಚೇರಿಯ ಸಾಹೇಬರು ಫೋಟೋ ಕೇಳಿದ್ದರು. ಅವನಿಗೆ ಫೋಟೋ ಬೇಕು, ನನಗೆ ಚಿಗರಿ ಬೇಕು.

ಮುಂದಿನ ಭಾನುವಾರ ಬೆಳಕು ಹರಿಯುವಾಗ ಅವನ ಮೇವಿನ ಬಣವೆಯ ಹಿಂದೆ ಕುಳಿತೆ. ಅವು ಬಂದವು. ಮುಂದೆ ಹೆಣ್ಣು, ಹಿಂದೆ ಆ ಕರಿ ಗಂಡು. ಚಿಗರಿ ಅಲುಗುವುದಕ್ಕಿಂತ ಮೊದಲೇ ಗುಂಡಿ ಒತ್ತುವುದನ್ನು ಅಷ್ಟೊತ್ತಿಗೆ ಕಲಿತಿದ್ದೆ. ಗಂಡು ನಾಲ್ಕೂ ಕಾಲು ನೆಲ ಬಿಟ್ಟು ಜಿಗಿಯಿತು. ಕ್ಯಾಮರಾ ಅದೇ ಹೊತ್ತಿಗೆ ಕಣ್ಣು ಮಿಟುಕಿಸಿತು. ಪರದೆಯಲ್ಲಿ ನೋಡಿದೆ. ಕೊಂಬು, ಕಣ್ಣು, ಕೆಳಗೆ ಗಾಳಿ. ಒಂದು ಕೂದಲೂ ಮಸುಕಾಗಿರಲಿಲ್ಲ. ಅಲ್ಲಿಯೇ ಮಣ್ಣಿನ ಮೇಲೆ ಕುಳಿತು ಸ್ವಲ್ಪ ಅತ್ತೆ ಅಂತ ಹೇಳಲು ನಾಚಿಕೆ.

ರೈತ ಅದರ ಪ್ರಿಂಟು ಹಾಕಿಸಿ ಸಾಹೇಬರಿಗೆ ಒಯ್ದು ಕೊಟ್ಟ. ಅವರು ಮೆಚ್ಚಿದರಂತೆ. “ಫೋಟೋ ಭಾಳ ಚಂದ ಬಂದೈತಿ. ಆದ್ರ ಇದು ಜಿಗ್ಯಾಕತ್ತೈತಿ, ತಿನ್ನಾಕತ್ತಿಲ್ಲ,” ಅಂದರಂತೆ.

ಮರುವಾರ ಮತ್ತೆ ಹೋದೆ. ತಲೆ ಬಗ್ಗಿಸಿ, ಬಾಯಿ ತುಂಬ ಕಡಲೆ ಗಿಡ ಹಿಡಿದಿದ್ದನ್ನು ತೆಗೆದೆ.

“ತಿನ್ನಾಕತ್ತೈತಿ, ಖರೇ. ಆದ್ರ ಇದು ನಿಮ್ಮ ಹೊಲ ಅಂತ ಹೆಂಗ ಗೊತ್ತಾಗಬೇಕು? ನೀವೂ ಫೋಟೋದಾಗ ಇರಬೇಕು,” ಅಂದರಂತೆ ಸಾಹೇಬರು.

ಮೂರನೆಯ ವಾರ ರೈತ ಮದುವೆಗೆ ಹೊರಟವನ ಹಾಗೆ ಬಂದ. ಇಸ್ತ್ರಿ ಮಾಡಿದ ಧೋತರ, ಹೊಸ ರುಮಾಲು. ಅವನು ಕಡಲೆ ಗಿಡಗಳ ನಡುವೆ ಅಡಗಿ ಮಲಗುವುದು, ಚಿಗರಿ ಹಿಂದೆ ಬಂದಾಗ ನಾನು ಕೈ ಎತ್ತುವುದು, ಅವನು ಮೆಲ್ಲಗೆ ತಲೆ ಮಾತ್ರ ಎತ್ತುವುದು ಎಂದು ಮಾತಾಯಿತು. ಇಬ್ಬನಿಯಲ್ಲಿ ಪಾಪ ಎರಡು ತಾಸು ಮಲಗಿದ. ಕೊನೆಗೂ ಬಂದವು. ಕರಿ ಗಂಡು ಅವನಿಂದ ಇಪ್ಪತ್ತು ಹೆಜ್ಜೆಯಲ್ಲಿ ಮೇಯತೊಡಗಿತು. ನಾನು ಕೈ ಎತ್ತಿದೆ.

ಅವನು ತಲೆ ಎತ್ತಲಿಲ್ಲ. ಪೂರಾ ಎದ್ದುನಿಂತ. ಧೋತರ ಕೊಡವಿಕೊಂಡ. ರುಮಾಲು ಸರಿಮಾಡಿಕೊಂಡ. ಮೀಸೆ ತೀಡಿದ. ಎರಡೂ ಕೈ ತೊಡೆಗೆ ಹಚ್ಚಿ ಅಟೆನ್ಶನ್ ನಿಂತು, ಆಚೆ ಊರಿಗೆ ಕೇಳುವ ಹಾಗೆ ಕೂಗಿದ:

“ನಗಲ್ಯೋ ಬ್ಯಾಡೋ ಅಕ್ಕಾರಾ?”

ಫೋಟೋದಲ್ಲಿ ಅವನೊಬ್ಬನೇ ಬಂದ. ನಗುತ್ತಿದ್ದ.

ಮುಂದೊಂದು ದಿನ ಸಾಹೇಬರೇ ಸ್ವತಃ ಹೊಲಕ್ಕೆ ಬಂದು ನೋಡಿ ಪರಿಹಾರ ಬರೆದರು, ಆ ಮಾತು ಬೇರೆ. ಆದರೆ ಆ ಸೋಮವಾರ, “ಇಷ್ಟು ಕಷ್ಟಪಟ್ಟು ತಗದೀವಿ, ಇದನ್ನೂ ಕೊಟ್ಟ ಬಿಡೂಣ ಬರ್ರಿ,” ಎಂದು ಅವನು ನನ್ನನ್ನೂ ಕಚೇರಿಗೆ ಎಳೆದುಕೊಂಡು ಹೋದ. ಸಾಹೇಬರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಹೊಲ ನಿಮ್ಮದ, ಖಾತ್ರಿ ಆತು,” ಅಂದರು.

“ಹೌದ್ರಿ ಸಾಹೇಬ್ರ.”

“ಬೆಳಿ ಹಾಳಾದದ್ದೂ ಸ್ವಚ್ಛ ಕಾಣಾಕತ್ತೈತಿ.”

“ಹೌದ್ರಿ, ಹೌದ್ರಿ!” ರೈತನ ಮುಖ ಅರಳಿತು.

ಸಾಹೇಬರು ಫೋಟೋವನ್ನು ಇನ್ನಷ್ಟು ಕಣ್ಣಿನ ಹತ್ತಿರ ತಂದರು. “ಆದ್ರ ಯಜಮಾನ್ರ, ಇದರಾಗ ಕಡ್ಲಿ ತುಳದು ನಿಂತಾವ್ರು ನೀವ ಅದೀರಲ್ರಿ!”