ಕಸ್ತೂರಿಯ ಜಾಗಾ

"ಈಗ ಇದನ್ನ ಯಾರಿಗೆ ತೋರಿಸ್ಲಿ?"

ನವನಗರದ ಪೇಟೆಯಲ್ಲಿ ಸ್ಕೂಟರಿನ ಮುಂದೆ ನಿಂತು, ದಂಡದ ಚೀಟಿ ಕೈಯಲ್ಲಿ ಹಿಡಿದು ದುಂಡೇಶ ಕೇಳಿದ. ಹತ್ತಿರ ಯಾರೂ ಇರಲಿಲ್ಲ. ಕೇಳಿಸಿಕೊಳ್ಳಬೇಕಾದ ಹೆಂಡತಿ ಕಸ್ತೂರಿ ಇಳಕಲ್ಲಿನ ತವರಿನಲ್ಲಿದ್ದಳು.

ಸ್ಕೂಟರ್ ಅವಳದು. ಸಣ್ಣಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಸೊರಗಿತ್ತು. ಅದಕ್ಕೇ ಹಿಂದೆ ಎರಡೂ ಕಡೆ ಗಾಲಿ ಕೂಡಿಸಿದ ಗಾಡಿ. ಓಡಿಸುವವಳು ಅವಳು. ಇವನು ಕಾಯಿಪಲ್ಲೆ ಚೀಲ ತಬ್ಬಿಕೊಂಡು ಹಿಂದೆ ಕೂರುವವನು. ಹೋದ ತಿಂಗಳು ಗೆಳೆಯರ ಎದುರಿಗೆ, "ಇಕಿಗೇನ್ರಿ, ಹೋದಲ್ಲೆಲ್ಲಾ ಸರಕಾರ ಜಾಗಾ ಹಿಡಿದಿಟ್ಟಿರ್ತೈತಿ" ಎಂದು ನಗೆಯಾಡಿದ್ದ. ನಕ್ಕವರು ಗೆಳೆಯರು ಮಾತ್ರ. "ಹಂಗಾರ ಆ ಜಾಗಾದಾಗ ನೀವ ಕುಂಡ್ರಿ" ಎಂದು ಕೀಲಿಕೈ ಟೇಬಲ್ಲಿನ ಮೇಲಿಟ್ಟು ಕಸ್ತೂರಿ ಬಸ್ಸು ಹತ್ತಿದ್ದಳು.

ಇವತ್ತು ಅವನು ಬೇಕಂತ ಅಲ್ಲಿ ನಿಲ್ಲಿಸಿರಲಿಲ್ಲ. ಎತ್ತು ತನ್ನ ಗೋದಲಿಗೆ ಹೋದ ಹಾಗೆ ಗಾಡಿಯೇ ಹೋಗಿ, ಅಂಗವಿಕಲರ ಗಾಡಿಗೆಂದು ಬರೆದ ಗಾಲಿಕುರ್ಚಿಯ ಚಿತ್ರದ ಮೇಲೆ ನಿಂತಿತ್ತು.

ಚೀಟಿ ಬರೆದುಕೊಟ್ಟು ಹೋಗಿದ್ದ ಟ್ರಾಫಿಕ್ ಹವಾಲ್ದಾರ ಅಫ್ಸರ ಸಾಹೇಬರ ಮಾತು ಸರಳವಾಗಿತ್ತು. ಗಾಡಿ ಯಾರ ಹೆಸರಿನಲ್ಲಿದೆಯೋ ಅವರು ತಮ್ಮದೇ ಎಂದು ಹೇಳಿದರೆ ಚೀಟಿ ರದ್ದು, ಇಲ್ಲವಾದರೆ ದಂಡ.

ದುಂಡೇಶನ ಎದೆ ಹಬ್ಬದ ಮನೆಯಾಯಿತು. ಅವಳನ್ನು ಕರೆಯಲು ಇಷ್ಟು ದಿನ ಹುಡುಕಿದರೂ ಸಿಗದ ನೆವವನ್ನು ಸರಕಾರವೇ ಬರೆದು ಕೈಗಿತ್ತಿತ್ತು. ಕಸ್ತೂರಿಗೆ ಫೋನು ಮಾಡಿದ. ತಪ್ಪಾಯಿತು ಅನ್ನಲು ಹೋಗಿ ದಂಡದ ಮಾತಷ್ಟೇ ಆಡಿದ. ಬಂದು ಬಿಡಿಸು ಎಂದ. ಅವಳು ಪೂರಾ ಕೇಳಿ, "ನೋಡೂಣು" ಅಂದಳು.

ಮಠದಲ್ಲಿ ಪುರಾಣ ಕೇಳುವವರ ಹಾಗೆ ಕಣ್ಣು ಮುಚ್ಚಿ ಆ 'ನೋಡೂಣು'ವಿನ ಒಳ ಅರ್ಥ ಬಿಡಿಸುತ್ತಾ ಅವನು ತನ್ನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕುಳಿತ. ಅಷ್ಟರಲ್ಲಿ ಬಾಜೂ ಅಂಗಡಿಯ ಟೇಲರ್ ಶಂಕ್ರಪ್ಪ ಬಂದ. ದಂಡ ತಾನೇ ಕಟ್ಟಿ ಬಿಡುತ್ತೇನೆಂದು ಕಿಸೆಗೆ ಕೈ ಹಾಕಿದ. ದುಂಡೇಶ ಆ ಕೈಯನ್ನೇ ಗಟ್ಟಿಯಾಗಿ ಹಿಡಿದ. ದಂಡ ಕಟ್ಟಿದರೆ ಕಸ್ತೂರಿ ಬರುವುದೇಕೆ? ಇದು ನ್ಯಾಯದ ಪ್ರಶ್ನೆ ಎಂದ.

"ನ್ಯಾಯಾ ಬೇಕಂದ್ರ ಸಾಹೇಬ್ರ ಮುಂದ ಕುಂಟಬೇಕಲೇ," ಎಂದು ಶಂಕ್ರಪ್ಪ ಅಸ್ತರಿನ ಬಟ್ಟೆ ತಂದು, ಅವನ ಮೊಣಕಾಲಿಗೆ ಗಾದಿ ಹೊಲಿದ ಹಾಗೆ ಬಿಗಿದ. ಬೇಡವೆಂದರೆ ಮತ್ತೆ ಕಿಸೆಗೆ ಕೈ ಹಾಕುತ್ತಾನೆಂದು ದುಂಡೇಶ ಬಿಗಿಸಿಕೊಂಡ.

ಇಳಕಲ್ಲಿನ ಬಸ್ಸು ಬಂದಾಗಲೆಲ್ಲ ಬಸ್‌ಸ್ಟ್ಯಾಂಡಿಗೆ ಹೋದ. ಕಟ್ಟು ಎಷ್ಟು ಬಿಗಿಯಾಗಿತ್ತೆಂದರೆ ಕುಂಟುವುದು ನಿಜವೇ ಆಗಿತ್ತು. ಮುದುಕಿಯೊಬ್ಬಳು ಎದ್ದು, ಪಾಪ ಎಂದು ಜಾಗ ಬಿಟ್ಟುಕೊಟ್ಟಳು. ಎಲ್ಲರೂ ಮೊದಲು ಕಾಲು ನೋಡಿ ಆಮೇಲೆ ಮುಖ ನೋಡಿದರು. ಕಸ್ತೂರಿ ಪೇಟೆಯಲ್ಲಿ ಗಾಡಿಯನ್ನು ಅಷ್ಟು ಜೋರಾಗಿ ಯಾಕೆ ಓಡಿಸುತ್ತಿದ್ದಳೆಂದು ಅವನಿಗೆ ಅಲ್ಲಿ ಕುಳಿತಾಗ ತಿಳಿಯಿತು. ಅದನ್ನು ಅವಳಿಗೆ ಹೇಳಬೇಕು ಅನಿಸಿತು. ಬಸ್ಸಿನಿಂದ ಎಲ್ಲರೂ ಇಳಿದರು, ಅವಳೊಬ್ಬಳ ಹೊರತು.

ಸಂಜೆ ಶಂಕ್ರಪ್ಪ ಅವನ ರಟ್ಟೆ ಹಿಡಿದು ಪೇಟೆಯಲ್ಲಿ ನಿಂತಿದ್ದ ಸಾಹೇಬರ ಮುಂದೆ ತಂದು ನಿಲ್ಲಿಸಿದ. ಅಫ್ಸರ ಸಾಹೇಬರು ಕಟ್ಟಿನ ಕಡೆ ನೋಡಿದರು.

"ಬಿಚ್ಚರಿ ಅದನ್ನ. ಚೀಟಿ ಮಧ್ಯಾಹ್ನನ ರದ್ದಾಗೇತಿ."

ಕಸ್ತೂರಿ ಸಾಹೇಬರಿಗೇ ಫೋನು ಮಾಡಿ, ಕಾಗದಗಳ ಫೋಟೋ ಕಳಿಸಿದ್ದಳು.

"ಏನಂದ್ಲರಿ?" ದುಂಡೇಶನ ದನಿ ಸಣ್ಣದಾಯಿತು.

"ಗಾಡಿ ನಂದು, ಜಾಗಾ ನಂದು, ನಿಲ್ಲಿಸಿದವರು ಸುದ್ದಾ ನಮ್ಮವರ, ಬಿಡ್ರಿ ಅಂದ್ರು."

"ಬರೂದು?"

"ಅದೇನೂ ಹೇಳಲಿಲ್ಲ."

ಗೆದ್ದಿ ಎಂದು ಶಂಕ್ರಪ್ಪ ಬೆನ್ನಿಗೆ ಗುದ್ದಿದ. ದುಂಡೇಶ ಬದಿಗಿದ್ದ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಮತ್ತೆ ಗಾಲಿಕುರ್ಚಿಯ ಚಿತ್ರದ ಮೇಲೆ ನಿಲ್ಲಿಸಿ, ಸಾಹೇಬರಿಗೆ ಕೈಮುಗಿದ.

"ಇನ್ನೊಂದು ಬರೀರಿ ಸಾಹೇಬ್ರ. ಈ ಸಲ ಫೋನಿನ್ಯಾಗ ನಡಿಯಂಗಿಲ್ಲ, ಖುದ್ದ ಬರಬೇಕು ಅಂತ ಹೇಳ್ರಿ."

ಅಫ್ಸರ ಸಾಹೇಬರು ಪೆನ್ನು ತೆಗೆದು ಕಿಸೆಯೊಳಗಿಟ್ಟರು.

"ಹಿಂಗ ಕೇಳ್ತಾರ ಅಂತ ಅಕ್ಕಾರು ಮೊದಲ ಹೇಳ್ಯಾರ. ನಾ ಬರಿಯಂಗಿಲ್ಲ."